ಮನೆಯಲ್ಲೇ ಮಾಡಿದ ಆಂಪ್ಲಿಫೈಯರ್‌ಗೆ ಎಷ್ಟು ದಪ್ಪದ ವೈರ್? ಮಾಡಿ ನೋಡಿದವರು ಹೇಳಿ

ಕೇಳಿದವರು, ಜೇವರ್ಗಿ:
ಊರ ಗುಡಿಯ ಭಜನೆಗೆ ಅಂತ ಆಂಪ್ಲಿಫೈಯರ್ ಮಾಡುತ್ತಿದ್ದೇನೆ. ಸದ್ದು ದೊಡ್ಡದು ಮಾಡುವ 7294 ಐಸಿ ಇರುವ ಎರಡು ಬೋರ್ಡ್, 24-0-24 ಟ್ರಾನ್ಸ್‌ಫಾರ್ಮರ್ 5 ಆಂಪ್ಸ್, ಎರಡು 8 ಓಮ್ ಸ್ಪೀಕರ್. ಒಂದು ಪಕ್ಕದಲ್ಲೇ ಇರುತ್ತದೆ, ಇನ್ನೊಂದು ಕಟ್ಟೆಯ ಆ ಕಡೆ, 60 ಅಡಿ ದೂರ. ಅಂಗಡಿಯವರು "ಚಾಲೀಸ್ ಛತ್ತೀಸ್ (40/36) ಒಯ್ಯಿರಿ" ಅಂತಾರೆ, ಯೂಟ್ಯೂಬ್‌ನಲ್ಲಿ 18 ಗೇಜ್ ಅಂತಾರೆ. ತಲೆ ಕೆಟ್ಟಿದೆ.

ಕಲಬುರಗಿಯಿಂದ:
ತಮ್ಮಾ, ಅಂಗಡಿಯವರು ಸರಿಯಾಗೇ ಹೇಳಿದ್ದಾರೆ. 40/36 ಅಂದರೆ 36 ಗೇಜಿನ 40 ಎಳೆ. ಎಲ್ಲಾ ಸೇರಿ ಸುಮಾರು 1.17 ಸ್ಕ್ವೇರ್ ಎಂಎಂ. ನಮ್ಮ ಕಡೆಯ ಹಳೇ ಲೆಕ್ಕದ ಎಸ್‌ಡಬ್ಲ್ಯುಜಿ 18 ಕೂಡ ಅಷ್ಟೇ ದಪ್ಪ. ಯೂಟ್ಯೂಬ್‌ನವರು ಹೇಳುವ 18 ಅಮೆರಿಕದ ಎಡಬ್ಲ್ಯುಜಿ, ಅದು 0.82 ಮಾತ್ರ. ಗೇಜ್ ಮಾತು ಬಿಟ್ಟು ಸ್ಕ್ವೇರ್ ಎಂಎಂನಲ್ಲಿ ಕೇಳು, ಗೊಂದಲ ಇರಲ್ಲ.

ದೂರದ ಸ್ಪೀಕರ್‌ಗೆ ಹೋಗಿ ಬರುವ ದಾರಿ ಎರಡೂ ಸೇರಿ 120 ಅಡಿ ತಂತಿ ಅಂತ ಹಿಡಿ. ಸಣ್ಣ 14/36 ಹಾಕಿದರೆ ತಂತಿಯೇ ಒಂದೂವರೆ ಓಮ್ ಆಗುತ್ತದೆ. ಸ್ಪೀಕರ್ ಕಡೆ ಕಳಿಸಿದ ಪವರ್‌ನಲ್ಲಿ ಆರನೇ ಒಂದು ಪಾಲು ದಾರಿಯಲ್ಲೇ ಬಿಸಿಯಾಗಿ ಹೋಯಿತು. 40/36 ಆದರೆ ಅರ್ಧ ಓಮ್, ನಡೆಯುತ್ತದೆ. ಪಕ್ಕದ ಸ್ಪೀಕರ್‌ಗೆ 23/36 ಸಾಕು, ಸುಮ್ನೆ ದುಡ್ಡು ಸುರಿಯಬೇಡ.

ಡಬ್ಬಿಯೊಳಗೆ ಟ್ರಾನ್ಸ್‌ಫಾರ್ಮರ್‌ನಿಂದ ಎಸಿಯನ್ನು ಡಿಸಿ ಮಾಡುವ ಬ್ರಿಜ್, ಬ್ರಿಜ್‌ನಿಂದ ಕೆಪಾಸಿಟರ್, ಅಲ್ಲಿಂದ ಬೋರ್ಡ್‌ವರೆಗೆ ದಪ್ಪ ಇರಲಿ, 1 ಸ್ಕ್ವೇರ್ ಎಂಎಂಗೆ ಕಡಿಮೆ ಬೇಡ. ದಪ್ಪಕ್ಕಿಂತ ತುದಿ ಮುಖ್ಯ, ಅದನ್ನು ನಾನು ಕೈ ಸುಟ್ಟುಕೊಂಡೇ ಕಲಿತದ್ದು. ಗ್ರೌಂಡ್ ವೈರ್ ಹೊಸೆದು ಸ್ಕ್ರೂಗೆ ಕೊಟ್ಟಿದ್ದೆ. ಕೂದಲಿನಂಥ ಒಂದು ಎಳೆ ಹೊರಗೆ ಉಳಿದಿತ್ತು, ಐಸಿಯ ಬಿಸಿ ಹೀರುವ ಹೀಟ್ ಸಿಂಕ್‌ಗೆ ತಾಗಿತು. 7294ರ ಹಿಂದಿನ ತಗಡು ಮೈನಸ್ ಸಪ್ಲೈಗೇ ಸೇರಿರುತ್ತದೆ, ನಾನು ನಡುವೆ ಕರೆಂಟ್ ತಡೆಯುವ ಮೈಕಾ ಹಾಳೆ ಹಾಕಿರಲಿಲ್ಲ. ಫಳ್ ಅಂತ ಕಿಡಿ, ಫ್ಯೂಸ್ ಹೋಯಿತು. ಈಗ ಪ್ರತಿ ತುದಿಗೂ ಸೋಲ್ಡರ್ ಮಾಡಿ ಸ್ಲೀವ್ ಹಾಕುತ್ತೇನೆ, ಐಸಿ ಕೆಳಗೆ ಮೈಕಾ ಇಟ್ಟೇ ಇಡುತ್ತೇನೆ.

ಯಾದಗಿರಿಯಿಂದ:
ಅಣ್ಣಾರು ಹೇಳಿದ್ದು ಖರೆ, ಆದರೆ ಅದು ತಾಮ್ರದ ಲೆಕ್ಕ. ಅಗ್ಗ ಅಂತ ನಾನು ತಂದ ವೈರ್ ನೋಡಲು ಕೆಂಪಗೆ, ದಪ್ಪಗೆ ಇತ್ತು. ಎರಡು ಸಲ ಬಗ್ಗಿಸಿದರೆ ತುದಿಯೇ ಮುರಿಯುತ್ತಿತ್ತು. ಬ್ಲೇಡ್‌ನಿಂದ ಒಂದು ಎಳೆ ಕೆರೆದೆ, ಒಳಗೆ ಬೆಳ್ಳಗೆ! ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ. ಅದೇ ದಪ್ಪಕ್ಕೆ ಅದರ ರೆಸಿಸ್ಟೆನ್ಸ್ ಒಂದೂವರೆ ಪಟ್ಟು ಹಿಡಿಯಿರಿ. ಅಂಗಡಿಯಲ್ಲೇ ಕೆರೆದು ನೋಡಿ ತಗೊಳ್ಳಿ. ಯಾರೂ ಬೈಯುವುದಿಲ್ಲ, ಬೈದರೆ ಆ ಅಂಗಡಿ ಬೇಡ ಅಂತ ತಿಳಿಯಿರಿ.

ಇನ್ನೊಂದು. ಮೇ ತಿಂಗಳಲ್ಲಿ ನಮ್ಮ ಕಡೆ 42 ಡಿಗ್ರಿ ದಾಟುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಹೀಟ್ ಸಿಂಕ್ ಮೇಲೆ ವೈರ್ ಒರಗಿಸಬೇಡಿ, ಪಿವಿಸಿ ಮೆತ್ತಗಾಗುತ್ತದೆ.

ಬೀದರ್‌ನಿಂದ:
ಎಲ್ಲರೂ ದಪ್ಪ ದಪ್ಪ ಅಂತೀರಿ. ಇನ್‌ಪುಟ್‌ಗೆ ದಪ್ಪ ಬೇಡ್ರಿ, ಸುತ್ತ ತಂತಿ ಜಾಲರಿ ಇರುವ ಶೀಲ್ಡ್ ವೈರ್ ಬೇಕು. ನಾನೂ ಗುಂಯ್ ಸದ್ದು ಹೋಗಲಿ ಅಂತ 2.5 ಸ್ಕ್ವೇರ್ ಎಂಎಂವರೆಗೂ ಏರಿಸಿ ನೋಡಿದ್ದೆ, ಹೋಗಲಿಲ್ಲ. ಎಲ್ಲಾ ಗ್ರೌಂಡ್ ವೈರ್ ತಂದು ಎರಡು ಕೆಪಾಸಿಟರ್ ಕೂಡುವ ಒಂದೇ ಜಾಗಕ್ಕೆ ಕೊಟ್ಟೆ, ಇನ್‌ಪುಟ್ ವೈರ್ ಟ್ರಾನ್ಸ್‌ಫಾರ್ಮರ್‌ನಿಂದ ದೂರ ಸರಿಸಿದೆ, ನಿಂತಿತು. 230 ವೋಲ್ಟ್ ಕಡೆ ಮೂರು ಕೋರ್ ವೈರ್, ತಗಡಿನ ಡಬ್ಬಿಗೆ ಅರ್ಥಿಂಗ್ ಕೊಡಲೇಬೇಕು. ಗುಡಿಯಲ್ಲಿ ಮಕ್ಕಳು ಮುಟ್ಟುತ್ತಾರೆ, ಅಲ್ವಾ?

ಕೇಳಿದವರು:
ಎಲ್ಲರಿಗೂ ಶರಣು ಶರಣಾರ್ಥಿ. ನಾಳೆ ಕಲಬುರಗಿ ಸೂಪರ್ ಮಾರ್ಕೆಟ್‌ಗೆ ಹೋಗುತ್ತಿದ್ದೇನೆ. 40/36 ವೈರ್ 60 ಅಡಿಯ ಜೋಡಿ, ಮೈಕಾ, ಸ್ಲೀವ್. ಬ್ಲೇಡ್ ಈಗಲೇ ಜೇಬಿಗೆ ಹಾಕಿಕೊಂಡಿದ್ದೇನೆ.