ಗುಂಡು ಪಾರ್ಟಿ

ತಪ್ಪು ನನ್ನದೇ. ಮೀಟ್‌ಬಾಲ್‌ಗೆ ಅಚ್ಚಗನ್ನಡದ ಹೆಸರಿಡಬೇಕು ಅನ್ನುವ ಹುಕಿ ಬಂತು. ಮಾಂಸದ ಉಂಡೆ ಅಂದರೆ ಯಾಕೋ ಬಾಯಲ್ಲಿ ನೀರೂರಲಿಲ್ಲ. ಹಾಗಾಗಿ ಗೆಳೆಯರ ಗುಂಪಿಗೆ ಒಂದು ಮೆಸೇಜ್ ಹಾಕಿದೆ: 'ಸಂಜೆ ಏಳಕ್ಕೆ ನಮ್ಮನೆಯಲ್ಲಿ ಗುಂಡು. ಎಲ್ಲರೂ ಬನ್ನಿ.'

ಯಾವತ್ತೂ ಒಂದು ಗಂಟೆ ತಡ ಮಾಡುವ ಗುಂಡ ಅವತ್ತು ಆರೂವರೆಗೇ ಬಾಗಿಲು ಬಡಿದ. ಕೈಯಲ್ಲಿ ಎರಡು ಕಿಲೋ ಐಸ್ ತುಂಬಿದ ಚೀಲ.

"ಎಲ್ಲಿ?" ಅಂದ.

"ಏನು?"

"ಗುಂಡು ಕಣೋ!"

ತಟ್ಟೆ ತೋರಿಸಿದೆ. ಟರ್ಕಿ ಕೋಳಿಯ ಉಂಡೆಗಳು, ಒಂದರ ಪಕ್ಕ ಒಂದು, ಕಂದು ಬಣ್ಣಕ್ಕೆ ತಿರುಗಿ ಕೂತಿದ್ದವು. ಗುಂಡ ತಟ್ಟೆ ನೋಡಿದ, ನನ್ನ ಮುಖ ನೋಡಿದ, ತನ್ನ ಚೀಲ ನೋಡಿಕೊಂಡ. ಸಾವಿನ ಮನೆಯಲ್ಲಿ ಮಾತಾಡುವ ಹಾಗೆ ಮೆಲ್ಲಗೆ ಕೇಳಿದ. "ಇದರ ಜೊತೆ ಬೇರೇನೂ ಇಲ್ವಾ?"

"ಟೊಮೆಟೊ ಸಾಸ್ ಇದೆ."

ಅವನು ಸೋಫಾದ ಮೇಲೆ ಕುಸಿದ.

ಏಳಕ್ಕೆ ಸರಿಯಾಗಿ ಸೀನ, ಪಮ್ಮಿ ಬಂದರು. ಸೀನನಿಗೆ ಗೊತ್ತಿಲ್ಲದ ವಿಷಯ ಇಲ್ಲ, ಬರುವ ಕೆಲಸ ಯಾವುದೂ ಇಲ್ಲ. ಪಮ್ಮಿ ಹಾಗಲ್ಲ. ನಮ್ಮಲ್ಲಿ ನಿಜವಾಗಿ ಅಡುಗೆ ಬರುವುದು ಅವಳೊಬ್ಬಳಿಗೇ. ಮೆಸೇಜ್ ನೋಡಿದ ತಕ್ಷಣ 'ಯಾವ ಗುಂಡು?' ಅಂತ ಫೋನ್ ಮಾಡಿ ಕೇಳಿದ್ದವಳೂ ಅವಳೊಬ್ಬಳೇ.

ಮೊದಲ ಉಂಡೆಗೆ ಗುಂಡನೇ ಫೋರ್ಕ್ ಚುಚ್ಚಿದ. ಚುಚ್ಚಲು ನೋಡಿದ ಅನ್ನೋಣ. ಫೋರ್ಕ್ ಜಾರಿತು. ಉಂಡೆ ತಟ್ಟೆಯಿಂದ ಹಾರಿ ನೆಲಕ್ಕೆ ಬಿತ್ತು, ಪುಟಿಯಿತು, ಇನ್ನೊಂದು ಸಲ ಪುಟಿಯಿತು, ಆಮೇಲೆ ತನಗೆ ಗೊತ್ತಿದ್ದ ಜಾಗಕ್ಕೆ ಹೋಗುವ ಹಾಗೆ ಸೋಫಾದ ಕೆಳಗೆ ಉರುಳಿ ಹೋಯಿತು.

"ಹೆಸರೇನೋ ಸರಿಯಾಗೇ ಇಟ್ಟಿದ್ದೀಯ," ಅಂದ ಗುಂಡ. "ಕೋವಿ ಎಲ್ಲಿದೆ?"

ಸೀನ ಸ್ನೇಹಕ್ಕೆ ಕಟ್ಟುಬಿದ್ದು ಒಂದನ್ನು ಬಾಯಿಗೆ ಹಾಕಿಕೊಂಡ. ಅಗಿದ. ಅಗಿಯುತ್ತಲೇ ಇದ್ದ. ನಾವು ಬೇರೆ ವಿಷಯ ಎತ್ತಿ, ಮಾತಾಡಿ, ಮುಗಿಸಿದೆವು. ಅವನು ಇನ್ನೂ ಅಗಿಯುತ್ತಿದ್ದ. ಕೊನೆಗೆ "ಚೆನ್ನಾಗಿದೆ" ಅನ್ನುತ್ತಾನೆ ಅಂದುಕೊಂಡರೆ "ನೀರು" ಅಂದ.

ಪಮ್ಮಿ ಮಾತ್ರ ತಿನ್ನಲಿಲ್ಲ. ಚಾಕು ತಂದು ಒಂದನ್ನು ಎರಡು ಹೋಳು ಮಾಡಿ ದೀಪದ ಕೆಳಗೆ ಹಿಡಿದಳು. ಒಳಗೆ ಪೆನ್ಸಿಲ್ ಅಳಿಸುವ ರಬ್ಬರಿನ ಹಾಗೆ ನುಣ್ಣಗೆ, ಬಿಗಿಯಾಗಿ ಇತ್ತು. ಬೆರಳಲ್ಲಿ ಒತ್ತಿದಳು. ಒಂದು ಹನಿ ರಸ ಬರಲಿಲ್ಲ.

"ಯಾವ ಕೀಮಾ?" ಶುರುವಾಯಿತು ವಿಚಾರಣೆ.

"ಎದೆ ಮಾಂಸದ್ದು. ಕೊಬ್ಬೇ ಇಲ್ಲ ಪಮ್ಮಿ, ಆರೋಗ್ಯಕ್ಕೆ ಒಳ್ಳೆಯದು."

"ಉಪ್ಪು ಯಾವಾಗ ಹಾಕಿದೆ?"

"ಮೊದಲೇ. ಹಾಕಿ ಚೆನ್ನಾಗಿ ನಾದಿದೆ. ಹದಿನೈದು ನಿಮಿಷ. ತೋಳು ನೋವು ಬಂತು."

"ಬ್ರೆಡ್ಡು?"

"ಒಣ ಬ್ರೆಡ್ ಪುಡಿ."

"ಓವನ್ನಲ್ಲಿ ಎಷ್ಟು ಹೊತ್ತು?"

ಇಲ್ಲಿ ನಾನು ಸ್ವಲ್ಪ ತಡವರಿಸಿದೆ. "ನಲವತ್ತೈದು ನಿಮಿಷ. ಕೋಳಿ ಅಲ್ವಾ, ಹಸಿ ಉಳಿದರೆ ಅಂತ ಭಯ. ಆಮೇಲೆ ಗುಂಡ ತಡವಾಗಿ ಬರುತ್ತಾನೆ ಅಂತ ಇನ್ನೊಂದು ಹತ್ತು ನಿಮಿಷ ಒಳಗೇ ಬಿಟ್ಟೆ."

"ನನ್ನ ಮೇಲೆ ಯಾಕೋ ಹಾಕ್ತೀಯ?" ಗುಂಡ ಸೋಫಾದಿಂದಲೇ ಕೂಗಿದ.

"ಒಂದು ತಪ್ಪು ಮಾಡಿದ್ದರೆ ಸಾಸ್ ಹಾಕಿ ಮುಚ್ಚಬಹುದಿತ್ತು," ಅಂದಳು ಪಮ್ಮಿ. "ನೀನು ಒಂದನ್ನೂ ಬಿಟ್ಟಿಲ್ಲ. ಕೀಮಾ ಇನ್ನೂ ಇದೆಯಾ?"

ಇತ್ತು. ಅಂಗಡಿಯಲ್ಲಿ ಗೊತ್ತಾಗದೆ ತಂದಿದ್ದ ಅರ್ಧ ಕಿಲೋ ಪೊಟ್ಟಣ. ತೊಡೆ ಮಾಂಸ ಸೇರಿದ್ದು, ಬಣ್ಣ ಗಾಢ. ಕೊಬ್ಬಿದೆ ಅಂತ ಬದಿಗಿಟ್ಟಿದ್ದೆ. ಪಮ್ಮಿಯ ಮುಖ ಅರಳಿತು. "ಇದನ್ನು ಬಿಟ್ಟು ಅದನ್ನು ಮಾಡಿದೆಯಾ? ಟರ್ಕಿ ಮೊದಲೇ ಒಣಕಲು ಮಾಂಸ. ಅದರಲ್ಲೂ ಎದೆ ಅಂದರೆ ಕೇಳಲೇಬೇಡ. ಉಂಡೆಗೆ ತೊಡೆಯೇ ಬೇಕು."

ಎಲ್ಲರೂ ಅಡುಗೆಮನೆಗೆ ಹೊರಟೆವು. ಪಮ್ಮಿ ಎರಡು ಹೋಳು ಬ್ರೆಡ್ ತೆಗೆದುಕೊಂಡು ಅಂಚು ಕಿತ್ತಳು. ಕಿತ್ತ ಅಂಚು ಗುಂಡನ ಬಾಯಿಗೆ ಹೋಯಿತು. ಉಳಿದದ್ದನ್ನು ಚೂರು ಮಾಡಿ ಬಟ್ಟಲಿಗೆ ಹಾಕಿ ಕಾಲು ಕಪ್ ಹಾಲು ಸುರಿದಳು. ಐದು ನಿಮಿಷ ಬಿಟ್ಟು ಫೋರ್ಕಿನಲ್ಲಿ ಮಸೆದಳು. ಬಿಳೀ ಸರಿಯ ಹಾಗೆ ಮೆತ್ತಗಾಯಿತು.

"ಇದು ಯಾವ ಮಗುವಿಗೆ?" ಅಂತ ಗುಂಡ.

"ನಿನಗೇ. ಇಡೀ ಗುಟ್ಟು ಇದರಲ್ಲೇ ಇರೋದು. ಮಾಂಸ ಬಿಸಿಯಾದ ಹಾಗೆ ಅದರ ಎಳೆಗಳು ಮುದುಡುತ್ತವೆ. ಒದ್ದೆ ಬಟ್ಟೆ ಹಿಂಡಿದ ಹಾಗೆ ಒಳಗಿನ ನೀರೆಲ್ಲ ಹೊರಗೆ. ಕೊಬ್ಬಿದ್ದರೆ ನೀರು ಹೋದರೂ ಬಾಯಿಗೆ ಒಣ ಅನ್ನಿಸೋದಿಲ್ಲ. ಟರ್ಕಿಯಲ್ಲಿ ಆ ಕೊಬ್ಬು ಕಡಿಮೆ. ನೆನೆದ ಬ್ರೆಡ್ಡಿನ ಪಿಷ್ಟ ನೀರನ್ನು ಹಿಡಿದಿಡುತ್ತದೆ, ಎಳೆಗಳ ನಡುವೆ ಕೂತು ಅವು ಒಂದಕ್ಕೊಂದು ಅಂಟದ ಹಾಗೆ ತಡೆಯುತ್ತದೆ. ನೀನು ಹಾಕಿದ ಒಣ ಪುಡಿ ಏನು ಮಾಡಿತು ಗೊತ್ತಾ? ಇದ್ದ ನೀರನ್ನೂ ತಾನೇ ಕುಡಿಯಿತು."

"ಅದಾದರೂ ಕುಡಿಯಿತಲ್ಲ," ಅಂದ ಗುಂಡ.

ಈರುಳ್ಳಿ ತುರಿಯುವ ಕೆಲಸ ನನಗೆ ಬಂತು. ಹೆಚ್ಚಬೇಡ, ತುರಿ ಅಂದಳು. ದಪ್ಪ ಚೂರಿದ್ದರೆ ಉಂಡೆ ಅಲ್ಲೇ ಬಿರಿಯುತ್ತದಂತೆ. ತುರಿದರೆ ಕರಗಿ ಹೋಗುತ್ತದೆ, ರಸ ಒಳಗೇ ಉಳಿಯುತ್ತದೆ. ಅರ್ಧ ಈರುಳ್ಳಿ ತುರಿಯುವಷ್ಟರಲ್ಲಿ ನನ್ನ ಕಣ್ಣು ಮೂಗು ಎರಡೂ ಸುರಿಯುತ್ತಿದ್ದವು. ಸೀನ ಇದೇ ಸಮಯ ಅಂತ ಬಾಗಿಲಿಗೆ ಒರಗಿ ನಿಂತು ಶುರುಮಾಡಿದ.

"ನಿಮಗೆ ಗೊತ್ತಾ, ಟರ್ಕಿ ಕೋಳಿಗೂ ಟರ್ಕಿ ದೇಶಕ್ಕೂ ಸಂಬಂಧವೇ ಇಲ್ಲ. ಇದರ ಮೂಲ ಅಮೆರಿಕ. ಮೊದಲು ಸಾಕಿದ್ದು ಮೆಕ್ಸಿಕೋ ಕಡೆಯವರು. ಟರ್ಕಿ ವ್ಯಾಪಾರಿಗಳು ತರುತ್ತಿದ್ದ ಬೇರೆ ಯಾವುದೋ ಕೋಳಿ ಅಂದುಕೊಂಡು ಇಂಗ್ಲಿಷಿನವರು ಈ ಹೆಸರಿಟ್ಟರು."

"ಹಾಗಾದರೆ ಟರ್ಕಿಯವರು ಏನಂತಾರೆ?"

"ಹಿಂದಿ ಅಂತಾರೆ. ಅಂದರೆ ಭಾರತದ್ದು ಅಂತ. ಫ್ರೆಂಚರೂ ಅದೇ ಅರ್ಥದಲ್ಲಿ ದಿಂದ್ ಅಂತಾರೆ. ಡಚ್ಚರು ಕಲ್ಕೂನ್ ಅಂತಾರೆ, ಕಲ್ಲಿಕೋಟೆಯ ಕೋಳಿ ಅಂತ. ಪೋರ್ಚುಗೀಸರು ಪೆರು ಅಂದುಬಿಟ್ಟರು. ಪೆರು ದೇಶದ್ದೂ ಅಲ್ಲ ಅದು."

ಗುಂಡ ಸ್ವಲ್ಪ ಹೊತ್ತು ಯೋಚಿಸಿದ. "ಅಂದರೆ ಎಲ್ಲರೂ 'ನಮ್ಮದಲ್ಲಪ್ಪಾ, ಆ ಕಡೆಯವರದ್ದು' ಅಂತ ಕೈ ತೊಳೆದುಕೊಂಡಿದ್ದಾರೆ. ಇವನು ಮಾಡಿದ ಉಂಡೆ ಮೊದಲೇ ತಿಂದಿದ್ದರು ಅನ್ನಿಸುತ್ತೆ."

ರುಚಿಯ ವಿಷಯಕ್ಕೆ ಬಂದಾಗ ಪಮ್ಮಿ ಫ್ರಿಜ್ ಬಾಗಿಲು ತೆರೆದು ಬಗ್ಗಿದಳು. ಟರ್ಕಿ ಸಪ್ಪೆ ಮಾಂಸ, ಮಸಾಲೆ ಸುರಿದರೆ ಮಸಾಲೆಯ ರುಚಿ ಬರುತ್ತದೆ ಹೊರತು ಮಾಂಸದ ರುಚಿ ಜಾಸ್ತಿಯಾಗೋದಿಲ್ಲ ಅನ್ನೋದು ಅವಳ ವಾದ. ನಾಲ್ಕಾರು ಅಣಬೆ ಸಿಕ್ಕವು. ಸಣ್ಣಗೆ ಕೊಚ್ಚಿ ಬಾಣಲೆಯಲ್ಲಿ ಹುರಿದಳು. ಮೊದಲು ಅಣಬೆ ನೀರು ಬಿಟ್ಟಿತು, ನೀರೆಲ್ಲ ಆರಿ ಚುರುಚುರು ಅನ್ನುವ ಹೊತ್ತಿಗೆ ಮನೆಯೆಲ್ಲ ಘಮ್ ಅಂದಿತು. ಅದು ಆರಿದ ಮೇಲೆ ಒಂದು ದೊಡ್ಡ ಚಮಚ ಸೋಯಾ ಸಾಸ್, ಎರಡು ಎಸಳು ಬೆಳ್ಳುಳ್ಳಿ, ಕರಿಮೆಣಸಿನ ಪುಡಿ, ಒಂದು ಹಿಡಿ ಪಾರ್ಸ್ಲಿ ಸೊಪ್ಪು, ಒಂದು ಮೊಟ್ಟೆ. ಎಲ್ಲ ಬ್ರೆಡ್ಡಿನ ಸರಿಗೆ ಸೇರಿತು. ಸೋಯಾದಲ್ಲೇ ಉಪ್ಪಿದೆ ಅಂತ ಅರ್ಧ ಚಿಕ್ಕ ಚಮಚ ಉಪ್ಪು ಮಾತ್ರ ಹಾಕಿದಳು. ಮಾಂಸ ಇನ್ನೂ ಪೊಟ್ಟಣದಲ್ಲೇ ಇತ್ತು!

"ಮಾಂಸ ಕೊನೆಗೆ," ಅಂದಳು. "ಮೊದಲು ಇದೆಲ್ಲ ಬೆರೆಯಲಿ. ಆಮೇಲೆ ಕೀಮಾ ಹಾಕಿ ಹಗುರವಾಗಿ ಮಗುಚಿದರೆ ಸಾಕು. ಉಪ್ಪು ಹಾಕಿ ನಾದಿದರೆ ಮಾಂಸದ ಪ್ರೋಟೀನು ಕರಗಿ ಅಂಟಾಗಿ ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ಸಾಸೇಜಿಗೆ ಅದೇ ಬೇಕು. ಉಂಡೆಗೆ ಬೇಡ. ನಿನ್ನದು ಪುಟಿದದ್ದು ಯಾಕೆ ಅಂದುಕೊಂಡೆ?"

ನನ್ನ ತೋಳು ನೋವು ಇನ್ನೂ ಜಾಸ್ತಿಯಾದ ಹಾಗನ್ನಿಸಿತು.

"ಗುಂಡ, ಆ ಐಸ್ ತಾ."

ಗುಂಡನ ಕಣ್ಣು ಹೊಳೆಯಿತು. ಓಡಿ ಹೋಗಿ ತಂದ. ಪಮ್ಮಿ ದೊಡ್ಡ ಪಾತ್ರೆಗೆ ಐಸ್ ಸುರಿದು, ಅದರ ಮೇಲೆ ಕೀಮಾದ ಬಟ್ಟಲು ಇಟ್ಟಳು. ಕೈಯ ಬಿಸಿಗೆ ಇರುವ ಚೂರು ಕೊಬ್ಬೂ ಕರಗಿ ಕೈಗಂಟಿ ಹೋಗಬಾರದು, ಹಿಟ್ಟು ತಣ್ಣಗಿದ್ದರೆ ಉಂಡೆ ಕಟ್ಟಲೂ ಸುಲಭ ಅಂತ.

"ನಾನು ತಂದ ಐಸಿಗೆ ಈ ಗತಿಯಾ?" ಅಂದ ಗುಂಡ. ಆ ನೋವಿನಲ್ಲೇ ಉಪ್ಪು ನೋಡೋಣ ಅಂತ ಹಸಿ ಕೀಮಾಗೆ ಬೆರಳು ಹಾಕಿದ. ಪಮ್ಮಿ ಸೌಟಿನಲ್ಲಿ ಫಟ್ ಅಂತ ಒಂದು ಕೊಟ್ಟಳು. "ಹಸಿ ಕೋಳಿ ಬಾಯಿಗೆ ಹಾಕ್ತೀಯಾ? ಹೋಗು, ಸೋಪು ಹಚ್ಚಿ ಕೈ ತೊಳಿ." ಆಮೇಲೆ ನಾಣ್ಯದಷ್ಟು ಒಂದು ಬಿಲ್ಲೆ ತಟ್ಟಿ ಬಾಣಲೆಗೆ ಹಾಕಿ, ಪೂರ್ತಿ ಬೇಯಿಸಿ ನಾಲ್ಕು ಪಾಲು ಮಾಡಿದಳು. ಉಪ್ಪು ಒಂದು ಚಿಟಿಕೆ ಕಡಿಮೆ ಇತ್ತು. ಸರಿಮಾಡಿದಳು. ಗುಂಡ ಮಾತ್ರ ಇನ್ನೂ ಮೂರು ಸಲ ನೋಡಬೇಕು, ಒಂದೇ ಸಲಕ್ಕೆ ಗೊತ್ತಾಗೋದಿಲ್ಲ ಅಂತ ಹಟ ಹಿಡಿದ.

ಉಂಡೆ ಕಟ್ಟಲು ಎಲ್ಲರೂ ಕೂತೆವು. ಅಂಗೈ ಒದ್ದೆ ಮಾಡಿಕೊಳ್ಳಬೇಕು, ಅದುಮಬಾರದು. "ಹಕ್ಕಿ ಮರಿ ಹಿಡಿದ ಹಾಗೆ ಹಿಡೀರಿ," ಅಂದಳು ಪಮ್ಮಿ.

"ಕೀಮಾ ಆದ ಮೇಲೆ ಹಕ್ಕಿ ಮೇಲೆ ಇಷ್ಟು ಪ್ರೀತಿ," ಅಂದ ಗುಂಡ.

ಇಪ್ಪತ್ತು ಉಂಡೆ ಆದವು. ನನ್ನವು ಸುಮಾರಾಗಿದ್ದವು. ಸೀನನವು ಮೊಟ್ಟೆಯ ಆಕಾರಕ್ಕೆ ಬಂದಿದ್ದವು, ಅದಕ್ಕೂ ಅವನ ಬಳಿ ಒಂದು ಕಾರಣ ಇತ್ತು. ಗುಂಡನವು ಮಾತ್ರ ಅವನ ಹಾಗೇ ಗುಂಡಗೆ ಚೆಂದ ಇದ್ದವು. ಅರ್ಧ ಗಂಟೆ ಫ್ರಿಜ್ಜಿನಲ್ಲಿ ಕೂರಿಸಿದಳು. ಆ ಅರ್ಧ ಗಂಟೆ ಗುಂಡ ಫ್ರಿಜ್ಜಿನ ಮುಂದೆ ಕುರ್ಚಿ ಹಾಕಿಕೊಂಡು ಕೂತ.

ಬಾಣಲೆ ಕಾದು ಎಣ್ಣೆ ಹರಡಿದ ಮೇಲೆ ಒಂದೊಂದೇ ಇಳಿಸಿದಳು, ನಡುವೆ ಜಾಗ ಬಿಟ್ಟು. ಒತ್ತೊತ್ತಾಗಿ ತುಂಬಿದರೆ ಹಬೆಯಲ್ಲಿ ಬೆಂದು ಬೆಳ್ಳಗೇ ಉಳಿಯುತ್ತವೆ, ಕೆಂಪಗಾಗೋದಿಲ್ಲ. ಸುಯ್ ಅಂದವು. ತಿರುಗಿಸಲು ನಾನು ಕೈ ಹಾಕಿದರೆ ತಡೆದಳು. "ಈಗ ಅಂಟಿಕೊಂಡಿದೆ. ಕೆಂಪಗಾದ ಮೇಲೆ ತಾನೇ ಬಿಡುತ್ತದೆ." ಬಿಟ್ಟಿತು ಕೂಡ. ಮೈ ಕೆಂಪಾದ ಮೇಲೆ ಟೊಮೆಟೊ ಸಾಸಿಗೆ ಇಳಿಸಿ, ಮುಚ್ಚಳ ಹಾಕಿ, ಸಣ್ಣ ಉರಿ.

ಹತ್ತು ನಿಮಿಷಕ್ಕೆ ನನಗೆ ಹಳೇ ಭಯ ಬಂತು. "ಬೆಂದಿದೆಯೋ ಇಲ್ವೋ ಹೇಗೆ ಗೊತ್ತಾಗಬೇಕು?"

"ಥರ್ಮಾಮೀಟರ್ ಇದೆಯಾ?"

ಓಡಿ ಹೋಗಿ ತಂದೆ. ಪಮ್ಮಿ ಅದನ್ನೂ ನನ್ನನ್ನೂ ನೋಡಿದಳು.

"ಇದು ಜ್ವರ ನೋಡೋದಲ್ವೇನೋ?"

"ಬಿಸಿ ತಾನೇ ನೋಡಬೇಕಾದ್ದು?"

"ಇದರ ಲೆಕ್ಕ 42ಕ್ಕೋ 43ಕ್ಕೋ ಮುಗಿಯುತ್ತದೆ. ನಮಗೆ ಬೇಕಾದ್ದು 74 ಡಿಗ್ರಿ ಸೆಲ್ಸಿಯಸ್. ಆ ಕೋಳಿಗೆ ಜ್ವರ ಬರುವ ಕಾಲ ಯಾವತ್ತೋ ಹೋಯಿತು." ತನ್ನ ಬ್ಯಾಗಿಗೆ ಕೈ ಹಾಕಿ ಉದ್ದ ಮೊಳೆಯಂಥ ಕಡ್ಡಿಯ ಅಡುಗೆ ಥರ್ಮಾಮೀಟರ್ ತೆಗೆದಳು. ನಾನು ಅಡುಗೆ ಮಾಡುತ್ತೇನೆ ಅಂದ ಮೇಲೆ ಸಿದ್ಧವಾಗಿಯೇ ಬಂದಿದ್ದಳು ಅಂತ ಕಾಣುತ್ತದೆ.

ದೊಡ್ಡ ಉಂಡೆಯ ನಡುಮಧ್ಯಕ್ಕೆ ಚುಚ್ಚಿದಳು. ನಾಲ್ಕು ತಲೆ ಬಗ್ಗಿದವು. 68. 71. 73. ಯಾರೂ ಉಸಿರಾಡಲಿಲ್ಲ. 74 ಅಂತ ತೋರಿಸಿತು. ಇನ್ನೂ ಮೂರು ಉಂಡೆಗೆ ಚುಚ್ಚಿ ನೋಡಿ ಒಲೆ ಆರಿಸಿದಳು. ಇಪ್ಪತ್ತು ನಿಮಿಷದೊಳಗೆ ಎಲ್ಲ ಮುಗಿದಿತ್ತು. ನನ್ನ ಐವತ್ತೈದು ನಿಮಿಷ ನೆನಪಾಯಿತು.

ಒಂದನ್ನು ಚಮಚದಲ್ಲಿ ಒತ್ತಿದೆ. ತಾನಾಗಿಯೇ ಬಿಟ್ಟುಕೊಂಡಿತು. ಒಳಗೆ ಅಲ್ಲಲ್ಲಿ ಸಣ್ಣ ಸಣ್ಣ ತೂತು, ತೂತಿನ ತುಂಬ ರಸ. ರಸ ಸಾಸಿನೊಳಗೆ ಇಳಿದು ಎಣ್ಣೆಯ ಹನಿಯಾಗಿ ಮಿನುಗಿತು.

"ಲೋ, ಒಳಗೆ ಸ್ವಲ್ಪ ಗುಲಾಬಿ ಇದೆ ಕಣೋ," ಅಂತ ಸೀನ ಹಿಂದೆ ಸರಿದ.

"ಇರಲಿ. ಬಣ್ಣ ನಂಬಬೇಡ. ಪೂರ್ತಿ ಬೆಂದರೂ ಟರ್ಕಿ ಒಂದೊಂದು ಸಲ ಗುಲಾಬಿ ಉಳಿಯುತ್ತದೆ. ಬೇಯದೇ ಇದ್ದರೂ ಬೆಳ್ಳಗೆ ಕಾಣಬಹುದು. ಕಡ್ಡಿ ಹೇಳಿದ್ದೇ ಸತ್ಯ," ಅಂದಳು ಪಮ್ಮಿ.

ಸೀನ ಸತ್ಯ ಪರೀಕ್ಷೆ ಮಾಡುವಷ್ಟರಲ್ಲಿ ಗುಂಡ ನಾಲ್ಕು ಮುಗಿಸಿದ್ದ. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಸೀನನೇ ಸುಮ್ಮನಿದ್ದ ಅಂದ ಮೇಲೆ ಅಡುಗೆ ಹೇಗಿತ್ತು ಅಂತ ಬೇರೆ ಹೇಳಬೇಕಾಗಿಲ್ಲ.

ಅಷ್ಟರಲ್ಲಿ ಗುಂಡನ ಫೋನ್ ಬಡಿದುಕೊಂಡಿತು. ಕೈಯೆಲ್ಲ ಸಾಸ್, ಹಾಗಾಗಿ ಸ್ಪೀಕರ್ ಒತ್ತಿ ಮೇಜಿನ ಮೇಲಿಟ್ಟ.

"ರೀ, ಎಲ್ಲಿದ್ದೀರಿ? ಏನು ಮಾಡ್ತಾ ಇದ್ದೀರಿ?" ಅವನ ಹೆಂಡತಿ.

ಗುಂಡನ ಬಾಯಿ ತುಂಬಿತ್ತು. "ಗುಂಡು," ಅಂದ.

ಆ ಕಡೆ ಒಂದು ಕ್ಷಣ ಮೌನ. "ಎಷ್ಟಾಯಿತು?"

ಗುಂಡ ತಟ್ಟೆ ನೋಡಿ ಪ್ರಾಮಾಣಿಕವಾಗಿ ಎಣಿಸಿದ. "ಒಂಬತ್ತು."

ಫೋನ್ ಕಟ್ಟಾಯಿತು. ಅರ್ಧ ನಿಮಿಷದೊಳಗೆ ಪಮ್ಮಿಯ ಫೋನ್ ರಿಂಗ್ ಆಯಿತು.