54ರ ಗಣಿತ ಮೇಷ್ಟ್ರಿಗೆ ಹೊರದೇಶದಲ್ಲಿ ಕೆಲಸ ಸಿಗುತ್ತಾ?

ಹದಡಿ ರೋಡ್ ಮೇಷ್ಟ್ರು (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನನಗೆ 54. ಎಂಎಸ್ಸಿ ಗಣಿತ, ಬಿ.ಎಡ್. ಇಲ್ಲೇ ಒಂದು ಖಾಸಗಿ ಸಿಬಿಎಸ್ಇ ಶಾಲೆಯಲ್ಲಿ ಒಂಬತ್ತು, ಹತ್ತನೇ ಕ್ಲಾಸಿಗೆ ಪಾಠ ಮಾಡ್ಕೊಂಡಿದ್ದೆ. ಈ ವರ್ಷ ಮ್ಯಾನೇಜ್‌ಮೆಂಟ್‌ನವರು ಹತ್ತನೇ ಕ್ಲಾಸನ್ನ ಹೊರಗಿನ ಕೋಚಿಂಗ್‌ನವರಿಗೆ ವಹಿಸಿ, ನಮ್ಮಂಥ ಹಳಬರನ್ನ ಆರು-ಏಳಕ್ಕೆ ತಳ್ಳಿದ್ದಾರೆ. ಸಂಬಳ ಅಲ್ಲೇ ನಿಂತಿದೆ. ಮಗಳದು ಇಂಜಿನಿಯರಿಂಗ್ ಕೊನೇ ವರ್ಷ, ಮನೆ ಸಾಲ ತೀರಿಲ್ಲ. ಐದಾರು ವರ್ಷ ಹೊರಗೆ ದುಡಿದು ಬಂದರೆ ಆಮೇಲೆ ಯಾರ ಹಂಗೂ ಇಲ್ಲದೆ ಇರಬಹುದು ಅನ್ನೋ ಲೆಕ್ಕ ನಂದು.

ಬೆಂಗಳೂರಿನ ಒಬ್ಬ ಏಜೆಂಟು ಫೋನಲ್ಲಿ ಹೇಳಿದ್ದು: "ದುಬೈ ಆಗುತ್ತೆ, ಮಾಲ್ಡೀವ್ಸೂ ಆಗುತ್ತೆ, ಒಂದೂವರೆ ಲಕ್ಷ ರೆಡಿ ಮಾಡ್ಕೊಳ್ಳಿ, ರೆಸ್ಯೂಮೆಯಿಂದ ಹುಟ್ಟಿದ ತಾರೀಖು ತೆಗೆದುಬಿಡಿ." ಈ ವಯಸ್ಸಿನವರನ್ನ ನಿಜವಾಗಿ ತಗೋತಾರಾ? ಹೋಗಿ ಬಂದವರು ಇದ್ದರೆ ಹೇಳಿ. ಸುಮ್ಮನೆ ಧೈರ್ಯ ತುಂಬೋದು ಬೇಡ.

ದುರ್ಗದ ಹೈದ (ಚಿತ್ರದುರ್ಗ)

ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ, ನೇರವಾಗಿ ಹೇಳ್ತೀನಿ. ಗಲ್ಫ್ ಶಾಲೆಗಳಿಗೆ ಬೇಕಾಗಿರೋದು ಮೂವತ್ತರ ಒಳಗಿನೋರು, ಕಮ್ಮಿ ಸಂಬಳಕ್ಕೆ ಬರೋರು, ಬೈಸಿಕೊಂಡರೂ ಎದುರು ಮಾತಾಡದೋರು. ನಿಮ್ಮ ಅನುಭವ ಅವರಿಗೆ ಹೊರೆ. ಅದರ ಬದಲು ಊರಲ್ಲೇ ಸಂಜೆ ಎರಡು ಬ್ಯಾಚ್ ಟ್ಯೂಷನ್ ಹಾಕಿ. ದಾವಣಗೆರೆಯಲ್ಲಿ ಸಿಇಟಿ, ನೀಟ್ ಅಂತ ಮಕ್ಕಳನ್ನ ಕಳಿಸೋ ಅಪ್ಪ-ಅಮ್ಮಂದಿರಿಗೆ ಬರಾನಾ? ಒಂದೂವರೆ ಲಕ್ಷ ಏಜೆಂಟಿಗೆ ಸುರಿಯೋ ಬದಲು ಒಂದು ರೂಮು ಬಾಡಿಗೆಗೆ ಹಿಡೀರಿ.

ಮಸ್ಕತ್ ಮೇಡಂ (ಊರು ಹೊಸದುರ್ಗ)

ಇಲ್ಲಿ ಭಾರತೀಯ ಪಠ್ಯಕ್ರಮದ ಶಾಲೆಯಲ್ಲಿ ಸುಮಾರು ವರ್ಷದಿಂದ ಇದ್ದೀನಿ, ಹೊಸಬರ ಡೆಮೊ ಕ್ಲಾಸ್ ನೋಡೋಕೆ ನನ್ನನ್ನೂ ಕೂರಿಸ್ತಾರೆ. ದುರ್ಗದ ಹೈದ ಹೇಳಿದ್ದರಲ್ಲಿ ಅರ್ಧ ನಿಜ. ಸರ್, ವಯಸ್ಸಿನ ಪ್ರಶ್ನೆ ಎರಡು ಕಡೆ ಬರುತ್ತೆ, ಬೆರೆಸಬೇಡಿ. ಒಂದು ಸರ್ಕಾರದ ವೀಸಾ ನಿಯಮ, ಇನ್ನೊಂದು ಶಾಲೆಯವರ ಲೆಕ್ಕ.

ಒಮಾನ್‌ನಲ್ಲಿ ಖಾಸಗಿ ವಲಯದ ವಿದೇಶಿಯರಿಗೆ ಇದ್ದ 60ರ ಮಿತಿಯನ್ನ 2022ರ ಜನವರಿಯಲ್ಲಿ ತೆಗೆದರು. ಅಂದರೆ 54ಕ್ಕೆ ಕಾನೂನಿನ ಅಡ್ಡಿ ಇಲ್ಲ. ಶಾಲೆಯವರ ಲೆಕ್ಕ ಮಾತ್ರ ಬೇರೆ. ವಯಸ್ಸಾದಷ್ಟೂ ಆರೋಗ್ಯ ವಿಮೆಗೆ ಜಾಸ್ತಿ ಕಟ್ಟಬೇಕು, ಹಿರಿಯರು ಅಂದರೆ ಸಂಬಳ ಜಾಸ್ತಿ ಕೇಳ್ತಾರೆ, ಹೊಸ ಪದ್ಧತಿ ಕಲಿಯಲ್ಲ ಅನ್ನೋ ಗುಮಾನಿ. ಇದರ ಇನ್ನೊಂದು ಮಗ್ಗುಲನ್ನ ಯಾರೂ ಹೇಳಲ್ಲ. ನಿಮ್ಮ ಮಗಳು ದೊಡ್ಡವಳಾಗಿದ್ದಾಳೆ, ಶಾಲೆಯವರು ನಿಮ್ಮ ಮಕ್ಕಳಿಗೆ ಸೀಟು, ಫೀ ರಿಯಾಯಿತಿ ಕೊಡೋ ಪ್ರಶ್ನೆ ಇಲ್ಲ. ಮದುವೆ, ಹೆರಿಗೆ ಅಂತ ಅರ್ಧ ವರ್ಷಕ್ಕೆ ಬಿಟ್ಟು ಹೋಗಲ್ಲ. ಹತ್ತನೇ ಕ್ಲಾಸು ಬೋರ್ಡ್ ಪರೀಕ್ಷೆಯ ಹೊಸ್ತಿಲಲ್ಲಿರುವಾಗ ಗಣಿತದ ಮೇಷ್ಟ್ರು ಕೈಕೊಟ್ಟರೆ ಪ್ರಿನ್ಸಿಪಾಲರ ಪಾಡು ಏನಾಗುತ್ತೆ ಅಂತ ನಾನು ಕಣ್ಣಾರೆ ನೋಡಿದ್ದೀನಿ. ಇದನ್ನ ನೀವೇ ಸಂದರ್ಶನದಲ್ಲಿ ಎತ್ತಿ ಹೇಳಬೇಕು.

ಹಿರಿಯರು ಎಡವೋದು ಡೆಮೊದಲ್ಲಿ. ಹೋದ ಸಲ ನಮ್ಮ ಕಡೆಯವರೇ ಒಬ್ಬರು, ವಿಷಯದಲ್ಲಿ ಎತ್ತಿದ ಕೈ, ವೀಡಿಯೊ ಕಾಲ್‌ನಲ್ಲಿ ವರ್ಗ ಸಮೀಕರಣ ತಗೊಂಡರು. ಬೋರ್ಡಿನ ಕಡೆ ತಿರುಗಿದವರು ಕೊನೇವರೆಗೂ ನಮಗೆ ಬೆನ್ನೇ ತೋರಿಸಿದರು. ಉತ್ತರ ಸರಿಯಾಗೇ ಬಂತು, ಕೆಲಸ ಬರಲಿಲ್ಲ. ಅವರು ನೋಡೋದು ಮಧ್ಯೆ ನಿಲ್ಲಿಸಿ ಮಗೂನ ಏನು ಕೇಳ್ತೀರಿ, ತಪ್ಪು ಉತ್ತರ ಬಂದರೆ ಏನು ಮಾಡ್ತೀರಿ ಅನ್ನೋದನ್ನ. ಈಗಲೇ ಮಗಳ ಕೈಲಿ ಮೊಬೈಲ್ ಕೊಟ್ಟು ನಿಮ್ಮ ಒಂದು ಪಾಠ ರೆಕಾರ್ಡ್ ಮಾಡಿಸಿ ನೋಡಿ.

ಇನ್ನೊಂದು, ಇಲ್ಲಿನ ಭಾರತೀಯ ಶಾಲೆಗಳಿಗೆ ಹೊಸ ವರ್ಷ ಶುರುವಾಗೋದು ಏಪ್ರಿಲ್‌ನಲ್ಲಿ. ಚಳಿಗಾಲದಲ್ಲೇ ಅರ್ಜಿ ಕಣ್ಣಿಗೆ ಬೀಳಬೇಕು. ಮೇನಲ್ಲಿ ಕಳಿಸಿದರೆ ಯಾರೂ ತೆರೆದೂ ನೋಡಲ್ಲ.

ಚಳ್ಳಕೆರೆ ಫಿಸಿಕ್ಸ್

ನಾನೂ ಐವತ್ತು ದಾಟಿದೋನೇ, ಇದನ್ನೆಲ್ಲ ಜಾಲಾಡಿ ಬಿಟ್ಟಿದ್ದೀನಿ. ಸರ್, ಯಾವ್ಯಾವ ದೇಶದ ಹೆಸರು ಕೇಳಿದ ಕೂಡಲೇ ಕೈಬಿಡಬೇಕು ಅಂತ ಹೇಳಿಬಿಡ್ತೀನಿ.

ಆಸ್ಟ್ರೇಲಿಯಾದ ಅಂಕ ಆಧಾರಿತ ವೀಸಾ 45 ತುಂಬಿದವರಿಗೆ ಇಲ್ಲ. ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ, ಅಂದರೆ ಅಂಕ ನೋಡಿ ಅಲ್ಲಿ ಕಾಯಂ ನೆಲೆಸೋಕೆ ಬಿಡೋ ವ್ಯವಸ್ಥೆಯಲ್ಲಿ, 45ಕ್ಕೆ ವಯಸ್ಸಿನ ಅಂಕ ಸೊನ್ನೆಗೆ ಇಳಿಯುತ್ತೆ. ನ್ಯೂಜಿಲೆಂಡ್‌ನ ಸ್ಕಿಲ್ಡ್ ಮೈಗ್ರಂಟ್ ರೆಸಿಡೆನ್ಸಿಗೆ 55ರವರೆಗೆ ಬಾಗಿಲು ತೆರೆದಿರುತ್ತೆ, ನಿಮಗೆ ಟೈಮ್ ಇಲ್ಲ. ಕೊರಿಯಾದಲ್ಲಿ ಇಂಗ್ಲಿಷ್ ಹೇಳಿಕೊಡೋ ವೀಸಾ ಸಾಮಾನ್ಯವಾಗಿ ಏಳು ದೇಶದ ಪಾಸ್‌ಪೋರ್ಟ್‌ನವರಿಗೆ ಇರೋದು, ನಾವು ಆ ಪಟ್ಟಿಯಲ್ಲಿಲ್ಲ. ಚೀನಾದಲ್ಲಿ ಕೂಡ ಇಂಗ್ಲಿಷ್ ಟೀಚರ್ ಕೆಲಸಕ್ಕೆ ಪಾಸ್‌ಪೋರ್ಟ್ ನೋಡ್ತಾರೆ, ಜೊತೆಗೆ ಸಾಮಾನ್ಯವಾಗಿ 60ರ ಗೆರೆ.

ಇಂಗ್ಲೆಂಡ್ ಬೇರೆ. ಅಲ್ಲಿನ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ವಯಸ್ಸಿನ ಮೇಲ್ಮಿತಿ ಇಲ್ಲ. 2023ರ ಫೆಬ್ರವರಿಯಿಂದ ಭಾರತದ ಶಿಕ್ಷಕರೂ ಅಲ್ಲಿನ ಕ್ಯೂಟಿಎಸ್, ಅಂದರೆ ಅರ್ಹ ಶಿಕ್ಷಕ ಅನ್ನೋ ಮಾನ್ಯತೆಗೆ ನೇರವಾಗಿ ಅರ್ಜಿ ಹಾಕಬಹುದು. ನಮ್ಮವರಿಗೆ ತೆರೆದದ್ದು ಗಣಿತ, ವಿಜ್ಞಾನ, ಭಾಷೆ ಹೇಳೋರಿಗೆ, 11ರಿಂದ 16 ವರ್ಷದ ಮಕ್ಕಳಿಗೆ ಪಾಠ ಮಾಡಿದೋರಿಗೆ. ಅರ್ಜಿಗೆ ಫೀಸಿಲ್ಲ. ಹಾಗಂತ ಮಾನ್ಯತೆ ಬಂದ ಕೂಡಲೇ ವೀಸಾ ಬಂತು ಅಂದುಕೋಬೇಡಿ. ಸ್ಪಾನ್ಸರ್ ಮಾಡೋ ಶಾಲೆ ಬೇರೆ ಹುಡುಕಬೇಕು, ಅದೇ ದೊಡ್ಡ ತಾಪತ್ರಯ.

ಅಮೆರಿಕದ ಜೆ-1 ಟೀಚರ್ ವೀಸಾಕ್ಕೆ ಎರಡು ವರ್ಷದ ಅನುಭವ ಕೇಳ್ತಾರೆ, ಸಾಮಾನ್ಯವಾಗಿ ಮೂರು ವರ್ಷ ಇರಬಹುದು, ಆಮೇಲೆ ಒಂದೆರಡು ವರ್ಷ ವಿಸ್ತರಣೆ ಸಿಕ್ಕರೆ ಸಿಕ್ಕಿತು. ಸಾಲ ತೀರಿಸಿ ವಾಪಸ್ ಬರೋ ಮನುಷ್ಯನಿಗೆ ಅದು ತಪ್ಪಲ್ಲ.

ದುರ್ಗದ ಹೈದ

ಅಲ್ಲ ಸರ್, ಇಷ್ಟೆಲ್ಲ ಓದಿಕೊಂಡು ನೀವ್ಯಾಕೆ ಚಳ್ಳಕೆರೆಯಲ್ಲೇ ಇದ್ದೀರಿ?

ಚಳ್ಳಕೆರೆ ಫಿಸಿಕ್ಸ್

ಅಮ್ಮನಿಗೆ 83. ಸಾಕಾ?

ಹರಿಹರದ ಅಕ್ಕ

ಹೈದ, ಸ್ವಲ್ಪ ಸಮಾಧಾನ ಕಣಪ್ಪ.

ಮೇಷ್ಟ್ರೇ, ಆ ಒಂದೂವರೆ ಲಕ್ಷದ ವಿಷ್ಯ ನನಗೆ ಬಿಡಿ. ನಮ್ಮ ಮೈದುನ ಹೀಗೇ ದುಡ್ಡು ಕೊಟ್ಟು, ವಿಸಿಟ್ ವೀಸಾದಲ್ಲಿ ಹೋಗಿ, "ಅಲ್ಲಿಗೆ ಬಂದ ಮೇಲೆ ಬದಲಾಯಿಸ್ತೀವಿ" ಅನ್ನೋ ಮಾತು ನಂಬಿ, ಶಾರ್ಜಾದಲ್ಲಿ ಒಂದು ರೂಮಿಗೆ ಎಂಟು ಜನ ಮಲಗೋ ಕಡೆ ಕೂತಿದ್ದ. ವಿಸಿಟ್ ವೀಸಾದಲ್ಲಿ ಕೆಲಸ ಮಾಡೋದೇ ಕಾನೂನಿಗೆ ವಿರುದ್ಧ, ಸಿಕ್ಕಿಬಿದ್ದರೆ ದಂಡ ನಮ್ಮ ತಲೆಗೆ.

ವಿದೇಶಕ್ಕೆ ಜನ ಕಳಿಸೋ ಏಜೆಂಟರಿಗೆ 1983ರ ವಲಸೆ ಕಾಯ್ದೆ ಪ್ರಕಾರ ನೋಂದಣಿ ಇರಲೇಬೇಕು. ಕೆಲಸಕ್ಕೆ ಹೋಗೋರಿಂದ ಅವರು ತಗೋಬಹುದಾದ ಸೇವಾ ಶುಲ್ಕ ಹೆಚ್ಚಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಯಾರು ನೋಂದಾಯಿತರು ಅಂತ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ನಿಮ್ಮ ಏಜೆಂಟನ್ನ ಒಂದೇ ಒಂದು ಮಾತು ಕೇಳಿ: "ನಿಮ್ಮ ಲೈಸೆನ್ಸ್ ನಂಬರ್ ವಾಟ್ಸಾಪ್ ಮಾಡಿ." ಆಮೇಲೆ ಫೋನ್ ಎತ್ತಿದರೆ ಹೇಳಿ.

ಹದಡಿ ರೋಡ್ ಮೇಷ್ಟ್ರು

ಅಕ್ಕ, ಕೇಳಿದೆ. "ಸರ್ ನೀವು ನಂಬಿಕೆ ಇಲ್ಲದೆ ಮಾತಾಡ್ತಿದ್ದೀರಿ" ಅಂದು ಕಟ್ ಮಾಡಿದ. ಅಲ್ಲಿಗೆ ಆ ಅಧ್ಯಾಯ ಮುಗೀತು.

ಹುಟ್ಟಿದ ತಾರೀಖು ತೆಗೆಯೋ ವಿಷಯ ಏನು? ಅದರಲ್ಲಿ ಮೋಸ ಇದೆಯಾ ಇಲ್ವಾ?

ದುರ್ಗದ ಹೈದ

ತೆಗೀರಿ ಮತ್ತೆ! ಕೂದಲಿಗೆ ಬಣ್ಣನೂ ಹಾಕಿ, ಹಳೇ ಫೋಟೊ ಅಂಟಿಸಿ. ಮೊದಲು ಸಂದರ್ಶನದವರೆಗೆ ತಲುಪಿ, ಆಮೇಲೆ ನೋಡ್ಕೊಳ್ಳೋಣ. ವಯಸ್ಸು ನೋಡಿ ರೆಸ್ಯೂಮೆ ಬಿಸಾಕೋರ ಹತ್ತಿರ ಇದೇನು ಮೋಸ?

ಮಸ್ಕತ್ ಮೇಡಂ

ಬಣ್ಣ ಹಾಕೋದು ಅವರವರ ಇಷ್ಟ, ಹಳೇ ಫೋಟೊ ಬೇಡ. ಕರೆ ಬಂದ ಕೂಡಲೇ ಪಾಸ್‌ಪೋರ್ಟ್ ಪ್ರತಿ ಕೇಳ್ತಾರೆ, ಅದರಲ್ಲಿ ಎಲ್ಲಾ ಇರುತ್ತೆ. ಪದವಿ ಪಡೆದ ವರ್ಷ ನೋಡಿದರೇ ವಯಸ್ಸು ಗೊತ್ತಾಗುತ್ತೆ. ತಾರೀಖು ಬರೆಯದೇ ಇದ್ದರೆ ಸುಳ್ಳಾಗಲ್ಲ, ತಪ್ಪು ತಾರೀಖು ಬರೆದರೆ ಸುಳ್ಳು. ನಾನಾದರೆ ಮೂರು ಪುಟದ ರೆಸ್ಯೂಮೆಯನ್ನ ಎರಡಕ್ಕೆ ಇಳಿಸ್ತೀನಿ. ಮೊದಲಿನ ಹತ್ತು ವರ್ಷದ ಶಾಲೆಗಳನ್ನ ಒಂದು ಸಾಲಲ್ಲಿ ಮುಗಿಸಿ, ಈಚಿನ ಬೋರ್ಡ್ ಫಲಿತಾಂಶ, ಬಳಸೋ ಸಾಫ್ಟ್‌ವೇರ್, ನಿಧಾನ ಕಲಿಯೋ ಮಕ್ಕಳಿಗೆ ಮಾಡಿದ್ದು, ಇವಿಷ್ಟನ್ನ ಮೇಲೆ ತರ್ತೀನಿ. ಜಾತ್ರೆ ಸ್ವಯಂಸೇವಕ, ರಕ್ತದಾನ, ತಂದೆ ಹೆಸರು, ಧರ್ಮ, ಎಲ್ಲಾ ಹಾಕಿರ್ತಾರೆ ನಮ್ಮ ಕಡೆಯವರು. ಅದ್ಯಾವುದೂ ಬೇಡ.

ಜಗಳೂರು ನಿವೃತ್ತ ಹೆಡ್‌ಮಾಸ್ಟರ್

ನಾನು ರಿಟೈರ್ ಆದ ಮೇಲೆ ಮಾಲ್ಡೀವ್ಸ್‌ನ ಒಂದು ದ್ವೀಪದ ಶಾಲೆಯಲ್ಲಿ ಇದ್ದು ಬಂದೋನು, ಸ್ವಲ್ಪ ಹೇಳಬಹುದು ಅನ್ಸುತ್ತೆ.

ಮಾಲ್ಡೀವ್ಸ್‌ನಲ್ಲಿ ಜನ ವಾಸ ಮಾಡೋ ದ್ವೀಪ ಇನ್ನೂರರ ಹತ್ತಿರ ಇವೆ. ಏಜೆಂಟು ತೋರಿಸೋ ಫೋಟೊ ರೆಸಾರ್ಟಿನದು, ನಿಮ್ಮನ್ನ ಹಾಕೋದು ಇಂಥ ದ್ವೀಪಕ್ಕೆ. ಈ ತುದಿಯಿಂದ ಆ ತುದಿಗೆ ನಡೆದರೆ ಊರು ಮುಗೀತು. ಮಕ್ಕಳು ಒಳ್ಳೆಯವರು, ಅಪ್ಪ-ಅಮ್ಮಂದಿರು ಮೇಷ್ಟ್ರಿಗೆ ಮರ್ಯಾದೆ ಕೊಡ್ತಾರೆ, ವಯಸ್ಸಾದವರಿಗೆ ಇನ್ನೂ ಜಾಸ್ತಿ. ನನಗೆ ವಯಸ್ಸು ಅಡ್ಡ ಬಂದದ್ದು ಪಾಠದಲ್ಲಿ ಅಲ್ಲ. ಮಳೆಗಾಲದಲ್ಲಿ ದೋಣಿ ನಿಂತರೆ ತರಕಾರಿ ಇಲ್ಲ, ಮೀನು ತಿನ್ನದ ನಮ್ಮಂಥೋರು ಅನ್ನ-ಬೇಳೆ ಉಂಡುಕೊಂಡು ಇರಬೇಕು. ರಾತ್ರಿ ಎದೆ ಹಿಡಿದುಕೊಂಡಿತು ಅಂತಿಟ್ಟುಕೊಳ್ಳಿ, ದೊಡ್ಡ ಆಸ್ಪತ್ರೆಗೆ ಸ್ಪೀಡ್‌ಬೋಟ್‌ನಲ್ಲೇ ಹೋಗಬೇಕು. ಶುಗರ್, ಬಿಪಿ ಇರೋರು ಮಾತ್ರೆ ಇಲ್ಲಿಂದಲೇ ಚೀಟಿ ಸಮೇತ ಒಯ್ಯಬೇಕು.

ಟ್ಯೂಷನ್ ಹಾಕಿ ಅನ್ನೋ ಹೈದನ ಮಾತನ್ನ ನಾನು ಒಪ್ಪಲ್ಲ. ಅವರದೇ ಶಾಲೆ ಕೋಚಿಂಗ್‌ನವರ ಕೈಗೆ ಹೋಗಿದೆ, ಊರಲ್ಲಿ ಅವರ ಫ್ಲೆಕ್ಸ್ ಮುಂದೆ ಒಬ್ಬ ಮೇಷ್ಟ್ರ ಬೋರ್ಡು ಯಾರಿಗೆ ಕಾಣುತ್ತೆ? ಹೋಗಬೇಕು ಅನ್ನಿಸಿದರೆ ಹೋಗಲಿ. ಮನೆಯವರನ್ನ ಕೇಳಿದ್ದೀರಾ ಮೇಷ್ಟ್ರೇ? ಇಲ್ಲಿವರೆಗೂ ನೀವು ಅದನ್ನ ಹೇಳೇ ಇಲ್ಲ.

ಹದಡಿ ರೋಡ್ ಮೇಷ್ಟ್ರು

ಕೇಳಿದ್ದೀನಿ ಸರ್. "ಹೋಗೋದಾದರೆ ಗಲ್ಫ್, ನೀರಿನ ಮಧ್ಯೆ ಬೇಡ, ವರ್ಷ ಆದ ಮೇಲೆ ನಾನೂ ಬರ್ತೀನಿ" ಅಂದಿದ್ದಾಳೆ. ಹಾಗಾಗಿ ಮಾಲ್ಡೀವ್ಸ್ ಬಿಟ್ಟೆ.

ಚಳ್ಳಕೆರೆ ಫಿಸಿಕ್ಸ್

ಹಾಗಿದ್ದರೆ ಒಪ್ಪಂದದ ಕಾಗದದಲ್ಲಿ ಒಂದು ಸಾಲು ಮಾತ್ರ ಗಮನ ಇಟ್ಟು ಓದಿ: ಬೇಸಿಕ್ ಎಷ್ಟು ಅಂತ. ಯುಎಇಯಲ್ಲಿ ಕೆಲಸ ಬಿಟ್ಟಾಗ ಸಿಗೋ ಗ್ರಾಚ್ಯುಯಿಟಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲಿನ ವರ್ಷಗಳಿಗೆ 30 ದಿನದ್ದು. ಒಟ್ಟು ಸಂಬಳ ಚೆನ್ನಾಗಿ ತೋರಿಸಿ, ಬೇಸಿಕ್ ಕಮ್ಮಿ ಇಟ್ಟು, ಉಳಿದದ್ದನ್ನ ಭತ್ಯೆ ಅಂತ ಬರೀತಾರೆ. ಮೂವತ್ತರ ಹುಡುಗನಿಗೆ ಅದು ದೊಡ್ಡ ವಿಷಯ ಅಲ್ಲ, ಐದು ವರ್ಷಕ್ಕೆ ಗಂಟು ಕಟ್ಟಿಕೊಂಡು ಬರೋಕೆ ಹೋಗೋ ನಿಮಗೆ ಅದೇ ಗಂಟು.

ವೀಸಾಕ್ಕೆ ಮಾಡೋ ಮೆಡಿಕಲ್‌ನಲ್ಲಿ ಎದೆ ಎಕ್ಸ್‌ರೇ ಇರುತ್ತೆ. ಯಾವತ್ತೋ ವಾಸಿಯಾದ ಟಿಬಿಯ ಕಲೆ ಕಂಡರೂ ಅನ್‌ಫಿಟ್ ಅಂತ ಬರೆದದ್ದುಂಟು. ದುಡ್ಡು ಖರ್ಚು ಮಾಡೋಕೆ ಮುಂಚೆ ಊರಲ್ಲೇ ಒಂದು ಎಕ್ಸ್‌ರೇ ತೆಗೆಸಿ.

ಮಸ್ಕತ್ ಮೇಡಂ

ಸರಿಯಾದ ಮಾತು. ಜೊತೆಗೆ ಕಾಗದಪತ್ರ ಈಗಲೇ ಶುರು ಮಾಡಿ. ನಿಮ್ಮ ಕಾಲದ ಪದವಿ ಕುವೆಂಪು ವಿಶ್ವವಿದ್ಯಾಲಯದ್ದೇ ಇರಬೇಕು, ದಾವಣಗೆರೆಗೆ ಸ್ವಂತ ವಿಶ್ವವಿದ್ಯಾಲಯ ಬಂದದ್ದೇ 2009ರಲ್ಲಿ. ಅಸಲಿ ಅನ್ನೋ ಪರಿಶೀಲನೆಗೆ ಕುವೆಂಪು ವಿಶ್ವವಿದ್ಯಾಲಯ ಇರೋ ಶಂಕರಘಟ್ಟಕ್ಕೇ ಹೋಗಬೇಕು. ಆಮೇಲೆ ಬೆಂಗಳೂರಲ್ಲಿ ರಾಜ್ಯದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯ. ಒಮಾನ್, ಬಹ್ರೇನ್, ಸೌದಿಗೆ ಅಪೊಸ್ಟೈಲ್, ಅಂದರೆ ಆ ಸಚಿವಾಲಯ ಹಾಕೋ ಒಂದೇ ದೃಢೀಕರಣ ಮುದ್ರೆ, ನಡೆಯುತ್ತೆ, ಸರ್ಕಾರದ ಶುಲ್ಕ ಒಂದು ಕಾಗದಕ್ಕೆ 50 ರೂಪಾಯಿ, ಮೇಲೆ ಅಧಿಕೃತ ಸೇವಾ ಏಜೆನ್ಸಿಯ ಚಾರ್ಜು. ಯುಎಇಗೆ ಅಪೊಸ್ಟೈಲ್ ಸಾಲದು, ಅವರ ರಾಯಭಾರ ಕಚೇರಿಯ ಮುದ್ರೆ, ಅಲ್ಲಿಗೆ ಹೋದ ಮೇಲೆ ಅವರ ಸಚಿವಾಲಯದ ಮುದ್ರೆ ಎರಡೂ ಬೇಕು. ಪೊಲೀಸ್ ಕ್ಲಿಯರೆನ್ಸ್‌ಗೆ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲೂ ಅರ್ಜಿ ತಗೋತಾರೆ, ಅದನ್ನ ಮಾತ್ರ ಕೆಲಸ ಖಾತ್ರಿ ಆದ ಮೇಲೆ ಮಾಡಿಸಿ, ತುಂಬಾ ಹಳೇದಾದರೆ ಒಪ್ಪಲ್ಲ.

ಹದಡಿ ರೋಡ್ ಮೇಷ್ಟ್ರು

ಕುವೆಂಪು ವಿಶ್ವವಿದ್ಯಾಲಯವೇ ಮೇಡಂ. ಸೋಮವಾರ ರಜೆ ಹಾಕಿ ಶಂಕರಘಟ್ಟಕ್ಕೆ ಹೋಗ್ತಿದ್ದೀನಿ. ಒಂದು ಸಂಶಯ. ಎಸ್ಸೆಸ್ಸೆಲ್ಸಿ, ಡಿಗ್ರಿ ಎಲ್ಲದರಲ್ಲೂ ನನ್ನ ಹೆಸರಿನ ಮುಂದೆ ಬರೀ ಇನಿಷಿಯಲ್ ಇದೆ. ಪಾಸ್‌ಪೋರ್ಟ್‌ನಲ್ಲಿ ಊರ ಹೆಸರು, ಅಪ್ಪನ ಹೆಸರು ಬಿಡಿಸಿ ಬರೆದಿದ್ದಾರೆ. ತೊಂದರೆ ಆಗುತ್ತಾ?

ಮಸ್ಕತ್ ಮೇಡಂ

ನಮ್ಮ ಕಡೆಯವರಿಗೆಲ್ಲ ಇದೇ ಗೋಳು. ಎರಡೂ ಹೆಸರಿನ ವ್ಯಕ್ತಿ ನಾನೇ ಅಂತ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿಟ್ಟುಕೊಳ್ಳಿ, ನನಗೆ ಅದು ಸಾಕಾಯ್ತು. ಆದರೂ ಆಫರ್ ಬಂದ ಕೂಡಲೇ ಶಾಲೆಯ ಎಚ್‌ಆರ್‌ಗೆ ಎರಡೂ ಪ್ರತಿ ಕಳಿಸಿ, "ಈ ಹೆಸರಲ್ಲೇ ವೀಸಾ ಹಾಕ್ತೀರಾ" ಅಂತ ಮೇಲ್‌ನಲ್ಲಿ ಬರೆಸಿಕೊಳ್ಳಿ. ಸರ್ಟಿಫಿಕೇಟ್ ಲ್ಯಾಮಿನೇಷನ್ ಮಾಡಿಸಿದ್ದರೆ ಸೋಮವಾರಕ್ಕೆ ಮುಂಚೆ ಹೇಳಿ, ಅದರ ಮೇಲೆ ಮುದ್ರೆ ಕೂರಲ್ಲ.

ಹದಡಿ ರೋಡ್ ಮೇಷ್ಟ್ರು

ಮಾಡಿಸಿದ್ದೀನಿ, 1996ರಲ್ಲಿ.

ಹರಿಹರದ ಅಕ್ಕ

ಅಯ್ಯೋ ಶಿವನೇ. ನೀವೇ ಬ್ಲೇಡು ಹಾಕೋಕೆ ಹೋಗಬೇಡಿ ಮೇಷ್ಟ್ರೇ. ಹೇಗೂ ಶಂಕರಘಟ್ಟಕ್ಕೆ ಹೋಗ್ತೀರಲ್ಲ, ಎರಡನೇ ಪ್ರತಿಗೆ ಅಲ್ಲೇ ಪರೀಕ್ಷಾ ವಿಭಾಗದಲ್ಲಿ ವಿಚಾರಿಸಿ ಬನ್ನಿ.