ಶಾರ್ಪ್ ಪಾರ್ಕ್ ಬಗ್ಗೆ ಭಾವನಿಗೂ ಪುಟ್ಟನಿಗೂ

ಭಾವ, ನಿಮ್ಮ ಮೆಸೇಜು ಪೂರ್ತಿ ಕೇಳಿದೆ. ಪುಟ್ಟ, ನೀನು ಹಾಕಿದ್ದೂ ನೋಡಿದೆ. ಶಾರ್ಪ್ ಪಾರ್ಕ್ ಗಾಲ್ಫ್ ಕೋರ್ಸ್ ಸೊರಗಿ ಹೋಗಿದೆ, ಶ್ರೀಮಂತರ ಆಟಕ್ಕೆ ಜನರ ದುಡ್ಡು ಯಾಕೆ ಸುರಿಯಬೇಕು, ಮುಚ್ಚಲಿ ಅಂತ ಭಾವ. ಮುಚ್ಚಿ ಅಲ್ಲಿ ಮನೆ ಕಟ್ಟಲಿ, ಬಾಡಿಗೆಯಾದರೂ ಇಳಿಯಲಿ ಅಂತ ಪುಟ್ಟ. ನಾನು ಸ್ಯಾನ್ ಫ್ರಾನ್ಸಿಸ್ಕೋದ ದಕ್ಷಿಣಕ್ಕಿರುವ ಪಸಿಫಿಕಾ ಊರಿನಲ್ಲಿ, ಅದರ ಪಕ್ಕದಲ್ಲೇ ಇರುವವಳು. ಸುಮ್ನೆ ಇರೋಕೆ ಆಗಲಿಲ್ಲ. ಉದ್ದ ಆಗುತ್ತೆ, ಬಿಡುವಾದಾಗ ಕೇಳಿ.

ಭಾವ, ಗಾಲ್ಫ್ ಅಂದರೆ ಶ್ರೀಮಂತರದ್ದು ಅನ್ನೋದು ನಮ್ಮ ತಲೆಗೆ ಬಂದಿದ್ದು ಬೆಂಗಳೂರಿನಿಂದ ಅಲ್ವಾ? ಹೈಗ್ರೌಂಡ್ಸ್‌ನ ಗಾಲ್ಫ್ ಕ್ಲಬ್ 1876ರದ್ದು. ಬಸ್ಸಿನಲ್ಲಿ ಹೋಗುವಾಗ ಆಚೆಯಿಂದ ಹುಲ್ಲು ನೋಡಿದವರು ನಾವು. ಶಾರ್ಪ್ ಪಾರ್ಕ್ ಹಾಗಲ್ಲ. ಅದು ಸ್ಯಾನ್ ಫ್ರಾನ್ಸಿಸ್ಕೋ ನಗರದ ಆಸ್ತಿ. ಮೆಂಬರ್‌ಶಿಪ್ ಬೇಡ, ಯಾರ ಶಿಫಾರಸೂ ಬೇಡ. ದುಡ್ಡು ಕಟ್ಟಿ ಆಡಬಹುದು, ಅಷ್ಟೇ. ಪೆಬಲ್ ಬೀಚ್ ಅನ್ನೋ ಹೆಸರಾಂತ ಕೋರ್ಸಿನಲ್ಲಿ ಒಂದು ಸುತ್ತು ಆಡೋಕೆ 600 ಡಾಲರ್‌ಗೂ ಜಾಸ್ತಿ. ಇಲ್ಲಿ ಅದರ ಒಂದು ಸಣ್ಣ ಪಾಲು ಸಾಕು. ಬೆಳಗ್ಗೆ ನಾನು ವಾಕಿಂಗ್ ಹೋದಾಗ ಕಾಣೋದು ರಿಟೈರ್ ಆದವರು, ತಮ್ಮ ಚೀಲ ತಾವೇ ಎಳೆದುಕೊಂಡು ಹೋಗುವ ಅಜ್ಜಂದಿರು. ಮಂಜು ಎಷ್ಟೇ ಕವಿದಿರಲಿ, ಬರುತ್ತಾರೆ. ಅವರನ್ನು ಶ್ರೀಮಂತರು ಅನ್ನೋಕೆ ನನಗೆ ಬಾಯಿ ಬರಲ್ಲ.

ಇನ್ನೊಂದು ವಿಷಯ. 1932ರಲ್ಲಿ ಶುರುವಾದ ಈ ಕೋರ್ಸನ್ನು ರೂಪಿಸಿದ್ದು ಅಲಿಸ್ಟರ್ ಮೆಕೆಂಜಿ. ಗಾಲ್ಫ್ ಆಟಗಾರ ಬಾಬಿ ಜೋನ್ಸ್ ಜೊತೆ ಸೇರಿ ಆಗಸ್ಟಾ ನ್ಯಾಷನಲ್ ಕೋರ್ಸ್ ಮಾಡಿದ್ದು ಇವರೇ. ಮಾಸ್ಟರ್ಸ್ ಟೂರ್ನಿ ಅಂತ ಟಿವಿಯಲ್ಲಿ ಬರುತ್ತಲ್ಲ, ಅದೇ ಜಾಗ. ಮಾಂಟೆರೇ ಕಡೆಯ ಸೈಪ್ರೆಸ್ ಪಾಯಿಂಟ್ ಕೂಡ ಅವರದ್ದೇ. ಅವೆರಡೂ ಖಾಸಗಿ, ನಮ್ಮಂಥವರು ಗೇಟು ದಾಟೋಕಾಗಲ್ಲ. ಅದೇ ಕೈಯ ಕೆಲಸ ಇಲ್ಲಿ ಎಲ್ಲರಿಗೂ ಸಿಗುತ್ತಿದೆ. ಅದನ್ನು ಒಂದೇ ಮಾತಿನಲ್ಲಿ ಮುಚ್ಚಿ ಅನ್ನೋದು ನನಗೆ ಕಷ್ಟ.

ಪುಟ್ಟ, ಮನೆ ವಿಷಯ. ನಗರಗಳ ಗಾಲ್ಫ್ ಕೋರ್ಸುಗಳಲ್ಲಿ ಕಡಿಮೆ ಬೆಲೆಯ ಮನೆ ಕಟ್ಟೋಕೆ ಸಹಾಯಧನ ಕೊಡುವ ಮಸೂದೆ ಕ್ಯಾಲಿಫೋರ್ನಿಯಾದಲ್ಲಿ ಬಂದಿತ್ತು ನಿಜ. ಎಬಿ 672 ಅಂತ. 2022ರಲ್ಲಿ ಅದು ಬಿದ್ದುಹೋಯಿತು. ಆಮೇಲೆ ಬೇರೆ ನಂಬರಿನಲ್ಲಿ ತಂದರು, ಅದೂ ದಾಟಲಿಲ್ಲ. ಮನೆ ಬೇಕು ಅನ್ನೋದರಲ್ಲಿ ನನಗೆ ಎರಡು ಮಾತಿಲ್ಲ, ಇಲ್ಲಿನ ಬಾಡಿಗೆ ಎಂಥದ್ದು ಅಂತ ಗೊತ್ತು. ಆದರೆ ಈ ಜಮೀನನ್ನು 1917ರಲ್ಲಿ ಶಾರ್ಪ್ ಮನೆತನದ ಕಡೆಯವರು ನಗರಕ್ಕೆ ದಾನ ಕೊಟ್ಟಿದ್ದೇ ಸಾರ್ವಜನಿಕ ಪಾರ್ಕು, ಆಟ ಇದಕ್ಕೇ ಬಳಸಬೇಕು ಅನ್ನೋ ಷರತ್ತಿನ ಮೇಲೆ. ಅದೂ ಅಲ್ಲದೆ ಮಳೆಗಾಲದಲ್ಲಿ ನೀರು ನಿಲ್ಲುವ ಜಾಗ ಅದು. ಅಲ್ಲಿ ಮನೆ ಕಟ್ಟಿ ಬಡವರನ್ನು ಕೂರಿಸೋದು ನ್ಯಾಯ ಅಲ್ಲ.

ನೀರು ಅಂದೆನಲ್ಲ, ಅಸಲು ಸಂಗತಿ ಇರೋದು ಅಲ್ಲೇ. ಕೋರ್ಸಿನ ಪಶ್ಚಿಮಕ್ಕೆ ಲಗೂನಾ ಸಲಾಡಾ ಅಂತ ಒಂದು ಕೆರೆ, ಅದರಾಚೆ ಒಂದು ಏರಿ, ಏರಿಯಾಚೆ ಸಮುದ್ರ. ಆ ಕೆರೆಯ ಒಂದಷ್ಟು ಭಾಗ ತುಂಬಿಸಿಯೇ ಹುಲ್ಲು ಹಾಸಿದ್ದು. ನಮಗೆ ಇದೇನು ಹೊಸದಲ್ಲ. ದೊಮ್ಮಲೂರಿನ ಹತ್ತಿರ ಚಲ್ಲಘಟ್ಟ ಕೆರೆ ಇದ್ದ ಜಾಗದಲ್ಲಿ ಈಗ ಗಾಲ್ಫ್ ಆಡುತ್ತಾರೆ, ಭಾವನಿಗೆ ಚೆನ್ನಾಗಿ ಗೊತ್ತು. ಇಲ್ಲಿನ ವ್ಯತ್ಯಾಸ ಏನೆಂದರೆ ನೀರು ಇನ್ನೂ ಹೋಗಿಲ್ಲ. ಜೋರು ಮಳೆ ಬಂದರೆ ಫೇರ್‌ವೇ, ಅಂದರೆ ಆಡುವ ಹುಲ್ಲುಹಾಸಿನ ಮೇಲೆಲ್ಲ ನಿಲ್ಲುತ್ತದೆ, ಪಂಪ್ ಹಾಕಿ ಸಮುದ್ರಕ್ಕೆ ಬಿಡಬೇಕು.

ಆ ಪಂಪಿನಿಂದಲೇ ಜಗಳ ಹುಟ್ಟಿದ್ದು. ಕೆರೆಯಲ್ಲಿ ಕೆಂಪು ಕಾಲಿನ ಕಪ್ಪೆ ಇದೆ, 1996ರಿಂದ ಕಾನೂನಿನ ರಕ್ಷಣೆ ಇರುವಂಥದ್ದು. ಚಳಿಗಾಲದ ಮಳೆಯಲ್ಲಿ ಅದು ಜೊಂಡಿನ ಕಡ್ಡಿಗೆ ಮೊಟ್ಟೆ ಅಂಟಿಸುತ್ತದೆ. ನೀರಿನ ಮೇಲ್ಮಟ್ಟದಲ್ಲೇ, ಲೋಳೆಯ ಮುದ್ದೆ, ಒಂದೊಂದರಲ್ಲಿ ಸಾವಿರಾರು ಮೊಟ್ಟೆ, ನಡುವೆ ಸಾಸಿವೆಯಷ್ಟು ಕಪ್ಪು ಚುಕ್ಕಿಗಳು. ಮಳೆ ನಿಂತ ಮೇಲೆ ಪಂಪ್ ನೀರು ಎಳೆಯಿತು ಅನ್ನಿ, ಮುದ್ದೆ ಕಡ್ಡಿಯ ಮೇಲೆಯೇ ಉಳಿಯುತ್ತದೆ, ನೀರು ಕೆಳಗಿಳಿಯುತ್ತದೆ. ಗಾಳಿಗೆ ಒಣಗಿ ಹೋಗುತ್ತವೆ. ಆ ಕಪ್ಪೆ ತಿಂದು ಬದುಕುವ ಒಂದು ಹಾವಿದೆ, ಸ್ಯಾನ್ ಫ್ರಾನ್ಸಿಸ್ಕೋ ಗಾರ್ಟರ್ ಸ್ನೇಕ್. ಮೈಮೇಲೆ ಕೆಂಪು ಕಪ್ಪು ಪಟ್ಟೆ, ಹೊಟ್ಟೆ ನೀಲಿ ಹಸಿರು. ಈ ಸುತ್ತಮುತ್ತ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. 1967ರಿಂದಲೇ ಅಳಿವಿನಂಚಿನ ಪಟ್ಟಿಯಲ್ಲಿದೆ. ಕಪ್ಪೆ ಹೋದರೆ ಹಾವೂ ಹೋದ ಹಾಗೆ.

ಅದಕ್ಕೇ ಪರಿಸರದವರು ಕೋರ್ಟಿಗೆ ಹೋದರು. 2011ರಲ್ಲಿ ಜಾಗವನ್ನು ನ್ಯಾಷನಲ್ ಪಾರ್ಕಿನವರಿಗೆ ಕೊಡುವ ದಾರಿ ತೆರೆಯುವ ನಿರ್ಣಯವನ್ನು ಸ್ಯಾನ್ ಫ್ರಾನ್ಸಿಸ್ಕೋದ ಸೂಪರ್‌ವೈಸರುಗಳು, ಅಂದರೆ ನಮ್ಮ ಕಾರ್ಪೊರೇಟರುಗಳ ಥರದವರು, ಮಾಡಿದ್ದರು, ಆಗಿನ ಮೇಯರ್ ಎಡ್ ಲೀ ಅದನ್ನು ವೀಟೊ ಮಾಡಿದರು. ಅಲ್ಲಿಂದ ಎರಡು ಕಡೆಯವರೂ ಪಟ್ಟು ಬಿಟ್ಟಿಲ್ಲ.

ಭಾವ, ಮುಚ್ಚಿದರೆ ಕಪ್ಪೆಗಳಿಗಾದರೂ ಒಳ್ಳೆಯದಾಗುತ್ತೆ ಅಂದಿರಿ. ಅದು ಅಷ್ಟು ಸುಲಭ ಇಲ್ಲ. ಕೆರೆಯಲ್ಲಿ ಸಿಹಿನೀರು ನಿಂತಿರುವುದೇ ಏರಿ ಇರುವುದರಿಂದ. ಗಾಲ್ಫಿನವರು ಇದನ್ನೇ ಹೇಳುತ್ತಾರೆ, ಅವರ ಮಾತಿನಲ್ಲಿ ಹುರುಳಿದೆ. ಏರಿ ಕೈಬಿಟ್ಟ ದಿನ ಉಪ್ಪುನೀರು ಒಳಗೆ ಬರುತ್ತದೆ. ಈ ಕಪ್ಪೆಯ ಮೊಟ್ಟೆ ಉಪ್ಪು ತಡೆಯಲ್ಲ. ಪಕ್ಕದ ಮನೆಗಳಿಗೂ ಅದರ ಬಿಸಿ ತಟ್ಟುತ್ತದೆ. ಹಾಗಂತ ಏರಿಯನ್ನು ವರ್ಷ ವರ್ಷ ಎತ್ತರಿಸುತ್ತಾ ಹೋಗೋದಕ್ಕೂ ನಾನು ಒಪ್ಪಲ್ಲ. ಏರಿ ಗಟ್ಟಿ ಮಾಡಿದಷ್ಟೂ ಅದರ ಮುಂದಿನ ಮರಳು ಕೊಚ್ಚಿ ಹೋಗುತ್ತದೆ. ಪಸಿಫಿಕಾದಲ್ಲಿ ಗುಡ್ಡ ಕುಸಿದು ಸಮುದ್ರದಂಚಿನ ಅಪಾರ್ಟ್‌ಮೆಂಟುಗಳನ್ನೇ ಖಾಲಿ ಮಾಡಿಸಿ ಕೆಡವಿದ್ದನ್ನು ನೀವೆಲ್ಲ ನ್ಯೂಸಿನಲ್ಲಿ ನೋಡಿದ್ದೀರಿ. ಆ ಸಮುದ್ರದ ಎದುರು ಹುಲ್ಲಿಗೋಸ್ಕರ ಗೋಡೆ ಕಟ್ಟೋದಕ್ಕೆ ಕೊನೆ ಅಂತ ಇಲ್ಲ.

ನನ್ನ ಮನಸ್ಸಿನಲ್ಲಿರೋದು ಇಷ್ಟು. ಗಾಲ್ಫ್ ಇರಲಿ, ಆದರೆ ಹಿಂದಕ್ಕೆ ಸರಿಯಲಿ. ಇದೇನು ಆಗದ ಮಾತಲ್ಲ, ಒಂದು ಸಲ ಆಗಿದೆ. ಮೆಕೆಂಜಿ ಮಾಡಿದ ಮೂಲ ಕೋರ್ಸಿನಲ್ಲಿ ಸಮುದ್ರಕ್ಕೆ ಅಂಟಿಕೊಂಡೇ ಹೋಲುಗಳಿದ್ದವು, ಹೋಲು ಅಂದರೆ ಚೆಂಡನ್ನು ಹೊಡೆಯುತ್ತಾ ಒಂದು ಗುಳಿಗೆ ಮುಟ್ಟಿಸುವ ಒಂದೊಂದು ಆಟದ ಪಟ್ಟಿ. ಅಲೆಗಳ ಹೊಡೆತ, ಆಮೇಲೆ ಏರಿಯ ಕೆಲಸ, ಅವು ಉಳಿಯಲಿಲ್ಲ. ಆಗ ಹೆದ್ದಾರಿ 1ರ ಪೂರ್ವದ ಕಣಿವೆಯಲ್ಲಿ ನಾಲ್ಕು ಹೋಲು ಹೊಸದಾಗಿ ಮಾಡಿದರು. ಇವತ್ತೂ ಅವುಗಳಲ್ಲಿ ಆಡುತ್ತಾರೆ. ಆವತ್ತು ಯಾರೂ ಮೆಕೆಂಜಿಗೆ ಅವಮಾನ ಆಯಿತು ಅಂತ ಕೋರ್ಸ್ ಮುಚ್ಚಲಿಲ್ಲ.

ಅದೇ ಕೆಲಸ ಈಗ ಬೇಗ ಶುರು ಮಾಡಬೇಕು. ಸಮುದ್ರದಿಂದ ದೂರ, ಎತ್ತರದ ಕಡೆ ಮೊದಲು ಸಿಹಿನೀರಿನ ಹೊಂಡಗಳನ್ನು ತೋಡಬೇಕು. ಕಪ್ಪೆ ಅಲ್ಲಿ ನೆಲೆ ನಿಂತಿತು ಅಂತ ಖಚಿತವಾಗೋ ತನಕ ಏರಿಯನ್ನು ಮುಟ್ಟಬಾರದು. ಆಮೇಲೆ ಕೆರೆ ಸುತ್ತಲಿನ ತಗ್ಗಿನ ಹೋಲುಗಳನ್ನು ಒಂದೊಂದಾಗಿ ನೀರಿಗೆ ಬಿಟ್ಟುಕೊಡಲಿ. ಹದಿನೆಂಟು ಹೋಲು ಇರಲೇಬೇಕು ಅಂತ ಏನೂ ಇಲ್ಲ. ಹನ್ನೆರಡೋ ಒಂಬತ್ತೋ ಉಳಿದರೂ ಆ ಅಜ್ಜಂದಿರಿಗೆ ಆಟ ಉಳಿಯುತ್ತದೆ. ಪಂಪಿನ ಖರ್ಚೂ ಇಳಿಯುತ್ತದೆ. ಗಾಲ್ಫಿನವರಿಗೆ ಇದು ಸಿಟ್ಟು ತರಿಸುತ್ತೆ ಅಂತ ಗೊತ್ತು, ಮೆಕೆಂಜಿಯ ಗ್ರೀನುಗಳು, ಅಂದರೆ ಗುಳಿ ಸುತ್ತಲಿನ ನುಣುಪು ಹುಲ್ಲಿನ ಜಾಗಗಳು, ಕೆಲವು ಹೋಗುತ್ತವೆ. ನನಗೂ ಬೇಜಾರಿದೆ. ಆದರೆ ಬಿರುಗಾಳಿಗೆ ಏರಿ ಒಡೆದು ಒಂದೇ ರಾತ್ರಿ ಎಲ್ಲ ಹೋಗುವುದಕ್ಕಿಂತ, ಯಾವುದು ಉಳಿಯಬೇಕು ಅಂತ ನಾವೇ ಆರಿಸೋದು ವಾಸಿ.

ಇಲ್ಲೊಂದು ತೊಡಕಿದೆ. ಜಾಗ ಇರೋದು ಪಸಿಫಿಕಾದಲ್ಲಿ, ತೀರ್ಮಾನ ಮಾಡೋದು ಸ್ಯಾನ್ ಫ್ರಾನ್ಸಿಸ್ಕೋದವರು. ನೀರು ಬಂದರೆ ನಮ್ಮ ಬೀದಿಗೆ, ಆದರೆ ಅಲ್ಲಿನ ಸೂಪರ್‌ವೈಸರನ್ನು ಆರಿಸೋ ಓಟು ನಮಗಿಲ್ಲ. ಅಕ್ಕ, ಭಾವ, ನಿಮಗಿದೆ. ಅಕ್ಕ, ನೀನು ನಿಮ್ಮ ಏರಿಯಾದ ಸೂಪರ್‌ವೈಸರಿಗೆ ಒಂದು ಪತ್ರ ಬರಿ. ಮುಚ್ಚಿ ಅಂತಲೂ ಬೇಡ, ಹೀಗೇ ಇರಲಿ ಅಂತಲೂ ಬೇಡ. ಹೋಲುಗಳನ್ನು ಪೂರ್ವಕ್ಕೆ ಸರಿಸುವ ಯೋಜನೆಗೆ ಎಷ್ಟು ಖರ್ಚು ಬರುತ್ತೆ, ಲೆಕ್ಕ ಹಾಕಿಸಿ ಅಂತ ಕೇಳು. ಭಾವ, ಶನಿವಾರ ನಮ್ಮನೆಗೆ ಬನ್ನಿ, ಏರಿಯ ಮೇಲೆ ನಡೆದುಕೊಂಡು ಹೋಗೋಣ, ಎರಡೂ ಕಡೆ ನೀವೇ ನೋಡಿ. ಆಮೇಲೂ ಮುಚ್ಚಬೇಕು ಅನ್ನಿಸಿದರೆ ಅಲ್ಲೇ ಕೂತು ಮಾತಾಡೋಣ.